ಗುಂಯ್‌ಗುಡುವ ಎಣ್ಣೆ ಡಬ್ಬಿ

ನಮ್ಮ ಅವ್ವ ಹಾಡುವುದನ್ನು ಬಿಟ್ಟದ್ದು ಪಕ್ಕದ ಮನೆಯ ಮದುವೆಯಲ್ಲಿ, ಹಾಡಿನ ನಟ್ಟನಡುವೆ.

ಕುರುಗೋಡಿನ ನಮ್ಮ ಓಣಿಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚಿ ಸುರಗಿ ಸುತ್ತುವಾಗ ಹೆಂಗಸರು ಹಾಡಲೇಬೇಕು. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಹತ್ತಿಯ ನೂಲು ಸುತ್ತಿ, ನಡುವೆ ಹುಡುಗಿಯನ್ನು ಕೂರಿಸಿ ನೀರೆರೆಯುವ ಶಾಸ್ತ್ರವೇ ಸುರಗಿ. ಒಬ್ಬಳು ಸೊಲ್ಲು ಎತ್ತುತ್ತಾಳೆ. ಉಳಿದವರು ಅವಳ ದನಿ ಹಿಡಿದು ಅದನ್ನೇ ತಿರುಗಿ ಹೇಳುತ್ತಾರೆ. ಎತ್ತುವವಳನ್ನು ತಿದ್ದುವ ಪದ್ಧತಿ ಇಲ್ಲ. ಅವಳು ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ, ಎಲ್ಲರೂ ಹಿಂದೆ ಹೋಗುವುದೇ. ನಾನು ಬುದ್ಧಿ ಬಲ್ಲಾಗಿನಿಂದ ನಮ್ಮ ಓಣಿಯಲ್ಲಿ ಸೊಲ್ಲು ಎತ್ತುವವಳು ನಮ್ಮ ಅವ್ವನೇ. ಆ ಹಾಡಿನಲ್ಲಿ ಒಂದು ಜಾಗ ಬರುತ್ತದೆ, ಅಲ್ಲಿ ಮದುಮಗಳ ಹೆಸರಿಟ್ಟು ಹಾಡಬೇಕು. ಎಷ್ಟೋ ಹುಡುಗಿಯರ ಹೆಸರು ಅವ್ವನ ಬಾಯಲ್ಲಿ ಹಾಡಾದದ್ದನ್ನು ಕಂಬಕ್ಕೆ ಒರಗಿ ಕೇಳಿದ್ದೇನೆ, ಕೇಳಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಮದುವೆಯ ಆಸೆಗಲ್ಲ, ಹೆಸರಿನ ಆಸೆಗೆ. ಮನೆಯಲ್ಲಿ ನನ್ನ ಹೆಸರು ಬರೀ ಬೈಯಲಿಕ್ಕೆ ಬಳಕೆಯಾಗುತ್ತಿತ್ತು.

ಅವ್ವನ ಕಿವಿ ಮಂದವಾಗುತ್ತ ಬಂದದ್ದು ನಮಗೆ ತಿಳಿಯಲೇ ಇಲ್ಲ. ನಾವು ದನಿ ಏರಿಸುತ್ತ ಹೋದೆವು, ಮನೆಯಲ್ಲಿ ಎಲ್ಲರೂ ಜಗಳಕ್ಕೆ ನಿಂತವರ ಹಾಗೆ ಮಾತಾಡುವುದು ರೂಢಿಯಾಯಿತು, ಅಷ್ಟೆ. ಪಕ್ಕದ ಮನೆಯ ಹುಡುಗಿಯ ಸುರಗಿಯ ದಿನ ಅವ್ವ ಎಂದಿನಂತೆ ಸೊಲ್ಲು ಎತ್ತಿದಳು, ಆದರೆ ಎಂದಿಗಿಂತ ತೀರ ಮೇಲೆ. ಹೆಂಗಸರು ಪದ್ಧತಿಯಂತೆ ಹಿಂದೆ ಹೋಗಲು ನೋಡಿದರು. ಕೊರಳು ಸಾಲಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನಾದರು. ಅವ್ವ ಮಾತ್ರ ಹಾಡುತ್ತಲೇ ಇದ್ದಳು. ತನ್ನ ಜೊತೆ ಯಾರೂ ಇಲ್ಲ ಎಂಬುದು ಅವಳಿಗೆ ಕಿವಿಯಿಂದ ತಿಳಿಯಲಿಲ್ಲ, ಮುಚ್ಚಿದ ಬಾಯಿಗಳನ್ನು ಕಂಡು ತಿಳಿಯಿತು. ಸೊಲ್ಲಿನ ನಡುವೆಯೇ ನಿಲ್ಲಿಸಿ, ಎಲ್ಲರ ಮುಖ ಒಮ್ಮೆ ನೋಡಿ, “ಗಂಟ್ಲು ಹಿಡದೈತಿ” ಎಂದು ಸುಳ್ಳು ಹೇಳಿ ಎದ್ದು ಬಂದಳು. ಆಮೇಲೆ ಯಾರು ಕರೆದರೂ ಹೋಗಿ ಅಕ್ಕಿಕಾಳು ಹಾಕಿ ಬರುತ್ತಿದ್ದಳೇ ಹೊರತು ಬಾಯಿ ತೆರೆಯಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಮದುವೆ ಗೊತ್ತಾಯಿತು. ಆಗ ನಾನು ಸಿರುಗುಪ್ಪದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ವಾರವೆಲ್ಲ ಅಲ್ಲೊಂದು ಬಾಡಿಗೆ ಕೋಣೆ, ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಕುರುಗೋಡು. ಹುಡುಗನ ಮನೆಯವರು ಬಂದು ಹೋದ ಮರುದಿನವೇ ಅವ್ವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ:

“ನನ್ನ ಸುರಗಿಗೆ ನೀನೇ ಹಾಡ್ಬೇಕವಾ.”

“ಕೊಳಗಲ್ಲಿನ ನಿಮ್ಮತ್ತಿಗೆ ಹೇಳೀನಿ. ಆಕಿ ಹಾಡ್ತಾಳ.”

“ಆಕಿ ಹಾಡಿದ್ರ ನಾನು ಅಲ್ಲಿ ಕುಂದ್ರಂಗೇ ಇಲ್ಲ.”

“ಮತ್ತ ನಾ ಹಾಡಿ, ಎಲ್ಲಾರೂ ಬಾಯಿ ಮುಚ್ಚಿಕೊಂಡು ನನ್ನ ಮಾರಿ ನೋಡ್ಬೇಕೇನು? ನಿನ್ನ ಮದುವ್ಯಾಗ?”

ಕೊಳಗಲ್ಲಿನ ಅತ್ತೆ, ಅಪ್ಪನ ತಂಗಿ, ಒಳ್ಳೆಯವಳೇ, ದನಿಯೂ ಚೆನ್ನಾಗಿಯೇ ಇತ್ತು, ಆದರೆ ಅವಳು ನನ್ನ ಅವ್ವನಲ್ಲವಲ್ಲ. ಬಳ್ಳಾರಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಜೇಬಿನಲ್ಲಿಟ್ಟುಕೊಳ್ಳುವ ಸಣ್ಣ ಕಿವಿಯಂತ್ರವನ್ನು ಹಾಕಿ ತೋರಿಸಿದರು. ಅವ್ವ ಸ್ವಲ್ಪ ಹೊತ್ತು ಕೇಳಿ, ಮುಖ ಕಿವುಚಿ, ಬಿಚ್ಚಿ ಅವರ ಮೇಜಿನ ಮೇಲಿಟ್ಟಳು. “ದನಿ ಕೇಳ್ತೈತ್ರಿ, ಆದ್ರ ಯಾರ ದನಿನೂ ಅವ್ರದಲ್ಲ” ಎಂದಳು. ಅವಳು ಒಮ್ಮೆ ಬೇಡ ಎಂದರೆ ಬೇಡವೇ.

ನನಗೋ ಸಿಟ್ಟು ಮೂಗಿನ ತುದಿಯಲ್ಲಿ, ಪಟ್ಟು ಹಿಡಿದರೆ ಬಿಡುವ ಜಾಯಮಾನವಲ್ಲ. ಜೊತೆಗೆ ಚಿಕ್ಕಂದಿನಿಂದ ಒಂದು ಚಟ: ಮುಚ್ಚಿದ್ದೇನು ಕಂಡರೂ ಬಿಚ್ಚಿ ಒಳಗೆ ನೋಡಬೇಕು. ಗಡಿಯಾರ, ಟಾರ್ಚು, ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿ, ಯಾವುದನ್ನೂ ಬಿಟ್ಟಿರಲಿಲ್ಲ. ಬಿಚ್ಚದೆ ಉಳಿದದ್ದು ಒಂದೇ, ಅಟ್ಟದ ಮೇಲೆ ಕೂತಿದ್ದ ಹಳೆಯ ವಾಲ್ವ್ ರೇಡಿಯೋ. ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಪ್ಪ ಹೆದರಿಸಿಟ್ಟಿದ್ದ. ಆ ಹೊತ್ತಿಗೆ ಎಲ್ಲರ ಮನೆಗೂ ಟ್ರಾನ್ಸಿಸ್ಟರ್ ಬಂದು ಹಳೆಯ ಪೆಟ್ಟಿಗೆಗಳು ಗುಜರಿ ಸೇರುತ್ತಿದ್ದವು. ನಮ್ಮದೂ ಸತ್ತು ಬಹಳ ಕಾಲವಾಗಿತ್ತು, ಆದರೂ ಅಪ್ಪನ ಬಾಯಲ್ಲಿ ಅದು ಇನ್ನೂ ರಿಪೇರಿಯಾಗಬೇಕಾದ ರೇಡಿಯೋ. ಅದೊಂದು ಭಾನುವಾರ ಕೇಳದೆ ಕೆಳಗಿಳಿಸಿ, ಧೂಳು ಕೊಡವಿ, ಹಿಂದಿನ ರಟ್ಟು ತೆಗೆದೆ.

ಒಳಗೆ ಗಾಜಿನ ವಾಲ್ವುಗಳು ಬೂದಿ ಬಳಿದುಕೊಂಡು ನಿಂತಿದ್ದವು. ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ಕಾಲೇಜಿನಲ್ಲಿ ಇದರ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ, ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಒಳಗಿನ ತಂತಿಯ ಬಲೆ ಕೂದಲೆಳೆಯಷ್ಟು ಸಣ್ಣದು. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಕಾಲುವೆಯ ತೂಬಿನ ಮಾತು ತರುತ್ತಿದ್ದೆ. ತೂಬಿನ ಹಲಗೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿದರೆ ಗದ್ದೆ ತುಂಬ ನೀರು, ಇಳಿಸಿದರೆ ನೀರಿಲ್ಲ. ಹಾಗೆಯೇ ವಾಲ್ವಿನಲ್ಲಿ ಸಣ್ಣ ದನಿ ಆ ಬಲೆಯನ್ನು ಅಲುಗಿಸಿದರೆ ದೊಡ್ಡ ಕರೆಂಟು ಅದು ಹೇಳಿದಂತೆ ಹರಿಯುತ್ತದೆ. ದನಿ ದೊಡ್ಡದಾಗುವುದೆಂದರೆ ಇಷ್ಟೇ. ಇಷ್ಟೇ ಆದರೆ ನಾನೇಕೆ ಒಂದನ್ನು ಮಾಡಬಾರದು ಎನ್ನಿಸಿತು. ಅವ್ವನ ಬಾಯಿಯ ಮುಂದೊಂದು ಮೈಕು, ನಡುವೆ ಆಂಪ್ಲಿಫೈಯರ್, ಕಿವಿಗೊಂದು ಹೆಡ್‌ಫೋನು. ತನ್ನ ದನಿ ತನಗೆ ಕೇಳಿದರೆ ಅವ್ವ ಮೇಲೆ ಕೆಳಗೆ ಹೋಗುವುದಿಲ್ಲ ಎಂದು ನನ್ನ ಲೆಕ್ಕ.

ಅಪ್ಪನಿಗೆ ಹೇಳಿದಾಗ ಅವನು ರೇಡಿಯೋದ ಹೆಣವನ್ನೂ ನನ್ನನ್ನೂ ನೋಡಿದ. “ಮದುವಿ ಹುಡುಗಿ ಕೈಗೆ ಮದರಂಗಿ ಹಚ್ಚಿಕೊಳ್ಳಾದು ಬಿಟ್ಟು ಸುಟ್ಟ ಬೊಬ್ಬಿ ಹಚ್ಚಿಕೊಳ್ಳಾಕತ್ತಿ. ಬೀಗರಿಗೆ ಏನ್ ಹೇಳ್ಲಿ?” ಎಂದ. ಆದರೆ ಕೈ ಮುರಿಯಲಿಲ್ಲ. ಅಷ್ಟೇ ಅಲ್ಲ, ಅಂಗಡಿಯಿಂದ ಶೇಂಗಾ ಎಣ್ಣೆಯ ಖಾಲಿ ಡಬ್ಬಿಯೊಂದನ್ನು ತಂದು ಕೊಟ್ಟ. ಅದನ್ನು ಕತ್ತರಿಸಿ ಮಗುಚಿಟ್ಟು, ತೂತು ಕೊರೆದು, ವಾಲ್ವ್ ಕೂರಿಸುವ ಪೀಠ ಮಾಡಿಕೊಂಡೆ.

ರೇಡಿಯೋದಲ್ಲಿ ಮೂರು ವಾಲ್ವು ಜೀವಂತವಿದ್ದವು, ನನಗೆ ಬೇಕಾಗಿದ್ದದ್ದೂ ಅಷ್ಟೇ. ಸಣ್ಣ ದನಿಯನ್ನು ಎತ್ತಲು ಒಂದು, ಅದಕ್ಕೆ ಬಲ ಕೊಡಲು ಒಂದು, ಹಿಂದೆ ಮುಂದೆ ಓಲಾಡುವ ಮನೆಯ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸಲು ಇನ್ನೊಂದು. ಉಳಿದದ್ದಕ್ಕೆ ಬಳ್ಳಾರಿಯ ಕೌಲ್ ಬಜಾರಿನ ಗುಜರಿ ಅಂಗಡಿಗಳನ್ನು ಸುತ್ತಿದೆ. ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಕಬ್ಬಿಣದ ಗುಡ್ಡೆ ಕೆದಕುವುದನ್ನು ಅಲ್ಲಿಯವರು ಕಂಡಿರಲಿಲ್ಲವೇನೋ, ಒಬ್ಬ ಚಹಾ ತರಿಸಿಕೊಟ್ಟ, ಇನ್ನೊಬ್ಬ ಯಾವ ಪೊಲೀಸು ಕಳಿಸಿದ್ದು ಎಂದು ಕೇಳಿದ. ಹೆಡ್‌ಫೋನು ಸಿಕ್ಕಿದ್ದು ಚಹಾ ಕೊಟ್ಟವನಲ್ಲಿ. “ಮಿಲ್ಟ್ರಿ ಮಾಲು ಮೇಡಂ, ವಿಮಾನ ಓಡ್ಸೋರು ಹಾಕ್ಕೊಂತಾರ” ಎಂದ. ಅದರ ತೂಕ ನೋಡಿದರೆ ವಿಮಾನ ಮೇಲೇರುವುದೇ ಅನುಮಾನ ಅನ್ನಿಸಿತು. ಮೈಕನ್ನು ಬಾಡಿಗೆ ಮೈಕ್‌ಸೆಟ್ಟಿನ ಅಂಗಡಿಯವನು ಕೊಟ್ಟ. ಯಾವುದೋ ನಾಟಕದಲ್ಲಿ ಗದೆಯ ಏಟು ತಿಂದು ಮೂಗು ಚಪ್ಪಟೆಯಾದ ಮೈಕು ಅದು, ಆದರೂ ಬದುಕಿತ್ತು.

ದೊಡ್ಡ ತೊಡಕು ಟ್ರಾನ್ಸ್‌ಫಾರ್ಮರಿನದು. ರೇಡಿಯೋ ಸತ್ತದ್ದೇ ಅದರ ತಂತಿ ಸುಟ್ಟು. ಹೊಸದಾಗಿ ಸುತ್ತಿಸಬೇಕು. ಸಿರುಗುಪ್ಪದಲ್ಲಿ ಸುತ್ತುವವರಿಗೇನೂ ಕೊರತೆಯಿಲ್ಲ, ಗದ್ದೆಗಳ ಪಂಪಿನ ಮೋಟಾರು, ಅಕ್ಕಿ ಗಿರಣಿಯ ಮೋಟಾರು ಸುಟ್ಟು ಸುಟ್ಟು ಬರುತ್ತಲೇ ಇರುತ್ತಿದ್ದವು. ಬಸ್ ನಿಲ್ದಾಣದ ಹತ್ತಿರದ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ಮಹಾ ಮಾತುಗಾರ, ತಾನು ಮುಟ್ಟಿದ ಮೋಟಾರು ತನಗಿಂತ ಹೆಚ್ಚು ದಿನ ಬದುಕುತ್ತದೆ ಎಂದು ಬಂದವರಿಗೆಲ್ಲ ಹೇಳುವವನು. ನನ್ನ ಟ್ರಾನ್ಸ್‌ಫಾರ್ಮರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

“ಟೀಚರಮ್ಮಾ, ಇದ್ರಾಗ ತಿರುಗೋದು ಯಾವ್ದು?”

“ಏನೂ ತಿರುಗಂಗಿಲ್ರಿ.”

“ತಿರುಗಂಗಿಲ್ಲಾ?” ಮರಳಿ ನನ್ನ ಕೈಗಿಟ್ಟ. “ತಿರುಗದ್ದನ್ನ ನಾನು ಕಟ್ಟಂಗಿಲ್ಲಮ್ಮಾ. ಕಟ್ಟಿದ ಮ್ಯಾಲ ಅದು ನೆಟ್ಟಗೈತೋ ಇಲ್ಲೋ ಹೆಂಗ ಗೊತ್ತಾಗಬೇಕು?”

ನನಗೆ ನಗುವೂ ಬಂತು, ಮಾತು ಸರಿಯೆಂದೂ ಅನ್ನಿಸಿತು. ಏನೂ ಅಲುಗದೆ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕರೆಂಟು ದಾಟುವುದನ್ನು ನಾನಾದರೂ ಪುಸ್ತಕದಲ್ಲಿ ಓದಿ ಒಪ್ಪಿಕೊಂಡವಳು, ಕಂಡವಳಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಹಳೆಯ ತಂತಿಯನ್ನು ಬಿಚ್ಚುತ್ತ ಸುತ್ತು ಎಣಿಸತೊಡಗಿದೆ. ಗಿರಾಕಿಗಳು ಬಂದಾಗಲೆಲ್ಲ ಲೆಕ್ಕ ತಪ್ಪಿತು. ಅವನು ನೋಡುವಷ್ಟು ನೋಡಿ, ತಡೆಯಲಾರದೆ ತಾನೂ ಪಕ್ಕದಲ್ಲಿ ಕೂತು ಎಣಿಸಿದ. ನನ್ನ ಲೆಕ್ಕ ಒಂದು, ಅವನದು ಇನ್ನೊಂದು, ಜಗಳವಾಡಿ ನಡುವಿನದನ್ನು ಒಪ್ಪಿಕೊಂಡೆವು. ಕೊನೆಗೆ ಸುತ್ತಿದ್ದೂ ಅವನೇ. ಪಂಪಿನ ಮೋಟಾರಿಗೆ ಸುರಿಯುವಷ್ಟು ವಾರ್ನಿಷನ್ನು ಆ ಸಣ್ಣ ವಸ್ತುವಿಗೆ ಸುರಿದು, ಬಿಸಿಲಿಗೆ ಒಣಗಿಸಿ ಕೊಟ್ಟ. “ನೀರಾಗ ಬಿದ್ರೂ ಏನೂ ಆಗಂಗಿಲ್ಲ ಬಿಡ್ರಿ” ಎಂದ. ಅದು ನೀರಿಗೆ ಬೀಳುವ ಕಾರಣವೇ ಇಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ.

ಎಲ್ಲವನ್ನೂ ಬೆಸೆದು ಮುಗಿಸಿ ಸ್ವಿಚ್ಚು ಹಾಕಿದ್ದು ಸಿರುಗುಪ್ಪದ ನನ್ನ ಕೋಣೆಯಲ್ಲಿ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ವಾಲ್ವಿನ ಹೊಟ್ಟೆಯಲ್ಲಿ ಸಣ್ಣಗೆ ಕೆಂಪು ಮೂಡಿತು. ಡಬ್ಬಿ ಬಿಸಿಯಾಗಿ ಶೇಂಗಾ ಎಣ್ಣೆಯ ವಾಸನೆ ಕೋಣೆ ತುಂಬಿತು. ಖುಷಿ ತಡೆಯದೆ ಮುಟ್ಟಬಾರದ ಕಡೆ ಬೆರಳಿಟ್ಟೆ. ಕರೆಂಟು ನನ್ನನ್ನು ಗೋಡೆಗೆ ಒಗೆಯಿತು. ಅಂದಿನಿಂದ ಅದರ ಹತ್ತಿರ ಹೋಗುವಾಗ ಎಡಗೈಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಕೆಲಸ ಮಾಡುವುದನ್ನು ಕಲಿತೆ. ಎರಡು ಕೈ ಮುಟ್ಟಿದರೆ ಕರೆಂಟು ಎದೆಯ ಮೂಲಕವೇ ಹಾದುಹೋಗುತ್ತದೆ.

ಆ ಶನಿವಾರ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ಒಯ್ದೆ. ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ ಹೆಡ್‌ಫೋನು ಹಾಕಿದೆ. ಅಪ್ಪ ಬಾಗಿಲ ಹತ್ತಿರ ಮೇನ್ ಸ್ವಿಚ್ಚಿಗೆ ಕೈ ಇಟ್ಟುಕೊಂಡೇ ನಿಂತ, ಹೆಂಡತಿ ನಡುಗಿದರೆ ಆರಿಸಲಿಕ್ಕೆ. ವಾಲ್ವು ಬಿಸಿಯಾದವು. ಅವ್ವ ಹುಬ್ಬು ಎತ್ತಿದಳು.

“ಯಾರ್ ಹಿಡದಾರ ಶ್ರುತಿ ಪೆಟ್ಟಿಗಿ?”

ನನಗೆ ನಾಚಿಕೆಯಾಯಿತು. ನನ್ನ ಆಂಪ್ಲಿಫೈಯರು ಗುಂಯ್ ಎನ್ನುತ್ತಿತ್ತು. ದನಿ ಇರಲಿ ಇಲ್ಲದಿರಲಿ, ಹಿಂದೆ ಒಂದೇ ಸಮನೆ ಗುಂಯ್. ಚೆನ್ನಾಗಿ ಮಾಡಿದ ಯಂತ್ರದಲ್ಲಿ ಅದು ಇರಬಾರದು. “ಅದು ತಪ್ಪಾಗೇತವಾ, ತೆಗಿತೀನಿ” ಎಂದು ಮೈಕಿನಲ್ಲಿ ಹೇಳಿದೆ. ಅವ್ವ ಕೇಳಿಸಿಕೊಂಡಳೋ ಇಲ್ಲವೋ, ಕಣ್ಣು ಮುಚ್ಚಿ, ಬಾಯಿ ಮುಚ್ಚಿಯೇ ಏನೋ ಗುನುಗಿದಳು. ಆಮೇಲೆ ಸೊಲ್ಲು ಎತ್ತಿದಳು. ಒಂದೇ ಒಂದು ಸೊಲ್ಲು, ಮೊದಲಿನ ಜಾಗದಲ್ಲೇ, ಯಾರಾದರೂ ಹಿಡಿಯಬಹುದಾದ ಎತ್ತರದಲ್ಲಿ. ಅಪ್ಪನ ಕೈ ಸ್ವಿಚ್ಚಿನಿಂದ ತಾನಾಗಿ ಕೆಳಗಿಳಿಯಿತು. ನಾನು ಕುಣಿದಾಡುವುದೊಂದು ಬಾಕಿ. ತನ್ನ ದನಿ ತನಗೆ ಕೇಳಿತು, ಅದಕ್ಕೇ ಸರಿಯಾಗಿ ಹಾಡಿದಳು, ಎಲ್ಲ ಮೈಕಿನ ಮಹಿಮೆ ಎಂದುಕೊಂಡೆ.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಆ ಗುಂಯ್ ನನ್ನ ತಲೆ ಹೊಕ್ಕಿತ್ತು. ಡಬ್ಬಿಯನ್ನು ಮತ್ತೆ ಸಿರುಗುಪ್ಪಕ್ಕೆ ಹೊತ್ತುಕೊಂಡು ಹೋಗಿ ಅದರ ಬೆನ್ನು ಬಿದ್ದೆ. ಈಗಲೂ ಹೇಳುತ್ತೇನೆ, ಆ ವಾರಗಳಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಎಲ್ಲಿಂದ ಬರುತ್ತದೆ ಇದು? ಮೊದಲ ವಾಲ್ವನ್ನು ಕಿತ್ತರೂ ಗುಂಯ್ ಇತ್ತು, ಹಾಗಾದರೆ ಮೈಕಿನದಲ್ಲ. ಟ್ರಾನ್ಸ್‌ಫಾರ್ಮರನ್ನು ತಿರುಗಿಸಿಟ್ಟರೆ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ತಂತಿಗಳನ್ನು ಜಡೆ ಹೆಣೆದೆ. ಡಬ್ಬಿಯಿಂದ ಒಂದು ತಂತಿ ಎಳೆದು ಅಂಗಳದ ತುಳಸಿ ಕಟ್ಟೆಯ ಪಕ್ಕದ ಹಸಿ ಮಣ್ಣಿಗೆ ಹೂತೆ. ಮನೆಯೊಡತಿ ಇದೇನು ಪೂಜೆಯೆಂದು ಕೇಳಿದಳು. ನನ್ನ ಅಂಗೈಯನ್ನು ಡಬ್ಬಿಯ ಹತ್ತಿರ ತಂದರೆ ಗುಂಯ್ ಬದಲಾಗುತ್ತಿತ್ತು, ದೂರ ಒಯ್ದರೆ ಮೊದಲಿನಂತೆ. ಮುಟ್ಟದೆಯೇ ನನ್ನ ಕೈ ಅದಕ್ಕೆ ಗೊತ್ತಾಗುತ್ತಿತ್ತು! ಅದನ್ನೇ ಮಾಡುತ್ತ ಎಷ್ಟೋ ಸಂಜೆ ಊಟ ಮರೆತಿದ್ದೇನೆ.

ಕೊನೆಗೆ ಕಳ್ಳ ಸಿಕ್ಕ. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಓಲಾಡುತ್ತದೆ. ಆ ಓಲಾಟವನ್ನು ವಾಲ್ವು ಒಂದು ದಿಕ್ಕಿಗೆ ತಿರುಗಿಸಿದರೂ ಅದರ ಅಲೆ ಉಳಿಯುತ್ತದೆ, ಅಲೆಯನ್ನು ಅಳಿಸಲೆಂದೇ ಒಂದು ದೊಡ್ಡ ಕಂಡೆನ್ಸರ್ ಇರುತ್ತದೆ. ರೇಡಿಯೋದಿಂದ ಕಿತ್ತು ಹಾಕಿದ್ದ ಹಳೆಯ ಕಂಡೆನ್ಸರ್ ಒಳಗೊಳಗೇ ಒಣಗಿ ಹೋಗಿತ್ತು. ಬಳ್ಳಾರಿಯಿಂದ ಹೊಸದು ತಂದು ಹಾಕಿದೆ. ಸ್ವಿಚ್ಚು ಹಾಕಿ ಕಿವಿಗಿಟ್ಟುಕೊಂಡರೆ ಏನೂ ಇಲ್ಲ. ಮೈಕಿನ ಮುಂದೆ ಸೆರಗು ಸರಿದ ಸದ್ದೂ ಕೇಳುವಂಥ ನಿಶ್ಶಬ್ದ. ಗೆದ್ದೆ ಎಂದು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಮದುವೆಗೆ ವಾರವಿತ್ತು. ರಜೆ ಹಾಕಿ ಊರಿಗೆ ಬಂದು, ಬಟ್ಟೆಯ ಗಂಟು ಬಿಚ್ಚುವ ಮೊದಲೇ ಡಬ್ಬಿ ಬಿಚ್ಚಿ ಅವ್ವನಿಗೆ ಹಾಕಿದೆ. ಅವಳು ಕಾದಳು. ವಾಲ್ವು ಕೆಂಪಾದವು, ಅವಳು ಇನ್ನೂ ಕಾಯುತ್ತಲೇ ಇದ್ದಳು. “ಹಾಡು” ಎಂದೆ. ಬಾಯಿ ತೆರೆದಳು, ಏನೋ ಒಂದು ದನಿ ಹೊರಟಿತು, ಅದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು. ಮತ್ತೆ ತೆರೆದಳು, ಈ ಸಲ ತೀರ ಮೇಲೆ, ಪಕ್ಕದ ಮನೆಯ ಸುರಗಿಯ ದಿನ ಎತ್ತಿದ ಹಾಗೆಯೇ. ನನ್ನ ಮುಖ ನೋಡಿದಳು. ಮನಸ್ಸಿನದನ್ನು ಮುಖದಲ್ಲಿ ತೋರದಂತೆ ಇರುವುದನ್ನು ನಾನು ಕಲಿತವಳಲ್ಲ. ಅವ್ವ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಕೆಡಿಸಿಬಿಟ್ಟೆಲ್ಲವಾ.”

“ಕೆಡಿಸಿಲ್ಲ, ರಿಪೇರಿ ಮಾಡೀನಿ!” ಎಂದು ಕಿರಿಚಿದೆ. “ಎಷ್ಟು ಸ್ವಚ್ಛ ಕೇಳ್ತೈತಿ ನೋಡು!”

“ಕೇಳ್ತೈತಿ. ಆ ಗುಂಯ್ ಎಲ್ಲಿ ಹೋತು?”

ಆಗ ನನಗೆ ಹೊಳೆಯಿತು. ಅವ್ವನಿಗೆ ತನ್ನ ದನಿ ಕೇಳುವುದೇ ಮುಖ್ಯವಾಗಿರಲಿಲ್ಲ. ಅದು ಸರಿಯೋ ತಪ್ಪೋ ಹೇಳಲು ಪಕ್ಕದಲ್ಲೊಂದು ಕದಲದ ದನಿ ಬೇಕಾಗಿತ್ತು. ಮೊದಲೆಲ್ಲ ಅದು ಹೆಂಗಸರ ಗುಂಪಿನಿಂದ ಸಿಗುತ್ತಿತ್ತು. ಅವಳಿಗೆ ಬಳೆಯ ಸದ್ದು, ಮಕ್ಕಳ ಮಾತು, ಗುಬ್ಬಿ ಯಾವುದೂ ಕೇಳುತ್ತಿರಲಿಲ್ಲ. ಬೀಸುವ ಕಲ್ಲು, ಲಾರಿ, ಅಪ್ಪನ ಕೆಮ್ಮು, ಇಂಥ ದಪ್ಪ ಸದ್ದುಗಳು ಮಾತ್ರ ಉಳಿದಿದ್ದವು. ನನ್ನ ಯಂತ್ರದ ದೋಷ ಅಂಥದೇ ದಪ್ಪ ಸದ್ದು. ಅವಳು ಅದನ್ನೇ ಷಡ್ಜ ಮಾಡಿಕೊಂಡು ಹಾಡಿದ್ದಳು. ಮೊದಲ ದಿನವೇ ಶ್ರುತಿ ಪೆಟ್ಟಿಗೆ ಎಂದು ಬಾಯಿಬಿಟ್ಟು ಹೇಳಿದ್ದಳು, ವಿಜ್ಞಾನದ ಟೀಚರಿಗೆ ಅದು ತಮಾಷೆಯ ಮಾತಾಗಿ ಕೇಳಿತ್ತು.

ಎಡಗೈ ಸೊಂಟಕ್ಕೆ ಸಿಕ್ಕಿಸಿ ಹೊಸ ಕಂಡೆನ್ಸರನ್ನು ಕಿತ್ತು, ಒಣಗಿದ ಹಳೆಯದನ್ನೇ ಬೆಸೆದೆ. ಸ್ವಿಚ್ಚು ಹಾಕಿದೆ. ಅವ್ವನ ಮುಖದಲ್ಲಿ ಗುಂಯ್ ಬಂದದ್ದು ನನಗೆ ಕಂಡಿತು.

ಅಲ್ಲಿಂದ ಅವಳು ಬಿಡುವಾದಾಗಲೆಲ್ಲ ಬಂದು ಕೂರತೊಡಗಿದಳು. ಹಪ್ಪಳ ಒಣಗಿಸುವ ನಡುವೆ, ಅಕ್ಕಿ ಆರಿಸುವ ನಡುವೆ. ಎರಡು ದಿನ ಹಾಡಿ, ಮೂರನೆಯ ದಿನ ಹೊಸ ದೂರು ತಂದಳು. “ಮಧ್ಯಾಹ್ನದ ಶ್ರುತಿ ಬ್ಯಾರೆ, ಸಂಜಿ ಶ್ರುತಿ ಬ್ಯಾರೆ” ಎಂದಳು. ಹಾಗೆಲ್ಲ ಆಗುವುದಿಲ್ಲ ಎಂದೆ. ಅವಳು ಕೊರಳ ಮೇಲೆ ಬೆರಳಿಟ್ಟು, “ಮಧ್ಯಾಹ್ನ ಇಲ್ಲಿ ಹತ್ತಿತ್ತು” ಎಂದಳು, ಬೆರಳನ್ನು ಎದೆಯ ಕಡೆ ಸರಿಸಿ, “ಈಗ ಇಲ್ಲಿ ಹತ್ತಾಕತ್ತೈತಿ. ನಿನ್ನ ಡಬ್ಬಿ ಇಳದೈತಿ” ಎಂದಳು. ಡಬ್ಬಿಯಲ್ಲಿ ಇಳಿಯುವಂಥದ್ದು ಏನೂ ಇರಲಿಲ್ಲ. ಗುಂಯ್ ಮನೆಯ ಕರೆಂಟಿನದು. ಅದು ಇಳಿಯಬೇಕಾದರೆ ಕರೆಂಟಿನ ಓಲಾಟವೇ ನಿಧಾನವಾಗಬೇಕು.

ತಡೆಯಲಾಗಲಿಲ್ಲ. ಮದುವೆಯ ಮನೆಯನ್ನು ಬಿಟ್ಟು ಅಪ್ಪನ ಜೊತೆ ಸೈಕಲ್ ಹತ್ತಿ ಸಬ್‌ಸ್ಟೇಷನ್ನಿಗೆ ಹೋದೆ. ಅಲ್ಲಿನ ಆಪರೇಟರ್ ಅಪ್ಪನ ಅಂಗಡಿಯ ಗಿರಾಕಿ. ಗೋಡೆಯ ಮೇಲಿನ ಒಂದು ಮೀಟರ್ ತೋರಿಸಿದ: ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಸಣ್ಣ ಪಟ್ಟಿಗಳು, ಕರೆಂಟು ಎಷ್ಟು ವೇಗವಾಗಿ ಓಲಾಡುತ್ತದೋ ಆ ಅಂಕಿಯ ಪಟ್ಟಿ ಮಾತ್ರ ನಡುಗುತ್ತದೆ. ನಾವು ಹೋದದ್ದು ಸಂಜೆ. ನಡುವಿನ ಐವತ್ತರ ಪಟ್ಟಿ ಸುಮ್ಮನಿತ್ತು. ಅದರ ಎಡಕ್ಕಿರುವ ಕಡಿಮೆ ಅಂಕಿಯದು ನಡುಗುತ್ತಿತ್ತು.

“ಲೋಡ್ ಬಿತ್ತಂದ್ರ ಕರೆಂಟ್ ಹುಟ್ಟೋ ಕಡೆ ಮಷೀನ್ ನಿಧಾನ ಆಗ್ತಾವ್ರಿ” ಎಂದ. “ಎಲ್ಲಾರೂ ದೀಪ ಹಾಕ್ತಾರ, ಪಂಪ್ ಹಾಕ್ತಾರ. ಇದು ಇಲ್ಲಿ ಒಂದ್ ಊರಿನ ಮಾತಲ್ಲ, ಎಲ್ಲಾ ಕಡಿಗೂ ಹಿಂಗ. ಯಾಕ ಕೇಳಿದ್ರಿ?”

“ನಮ್ಮವ್ವಗ ಕೇಳಿಸ್ತಂತ್ರಿ.”

“ನಿಮ್ಮವ್ವಾರಿಗೆ ಕಿವಿ ಕೇಳಂಗಿಲ್ಲಲ್ರಿ?”

“ಕೇಳಂಗಿಲ್ರಿ. ಇದು ಕೇಳ್ತೈತಿ.”

ಅವನು ಮೀಟರನ್ನೂ ನನ್ನನ್ನೂ ನೋಡಿ ನಕ್ಕು, ಹಾಗಾದರೆ ಮೀಟರ್ ಕೆಟ್ಟಾಗ ಅವರನ್ನೇ ಕರೆಸುತ್ತೇನೆ ಎಂದ. ನಾನು ಮಾತ್ರ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ. ಎಲ್ಲೋ ದೂರದಲ್ಲಿ ನೀರಿನಿಂದ ತಿರುಗುವ ದೊಡ್ಡ ಚಕ್ರಗಳು ದಣಿದದ್ದು ಕುರುಗೋಡಿನ ಪಡಸಾಲೆಯಲ್ಲಿ ಅಕ್ಕಿ ಆರಿಸುವ ಹೆಂಗಸಿನ ಎದೆಗೆ ತಾಕುತ್ತದೆ. ಎಂಥ ಸೋಜಿಗ! ಸೋಜಿಗದ ಹಿಂದೆಯೇ ಭಯವೂ ಹತ್ತಿತು. ಸುರಗಿಯ ದಿನ ಹಾಡಿನ ನಡುವೆ ಶ್ರುತಿ ಜಾರಿದರೆ ಅವ್ವ ಏನು ಮಾಡುತ್ತಾಳೆ? ಇನ್ನೊಮ್ಮೆ ಆ ಮುಚ್ಚಿದ ಬಾಯಿಗಳನ್ನು ಕಂಡರೆ ಅವಳು ಜನ್ಮದಲ್ಲಿ ಹಾಡುವುದಿಲ್ಲ. ನಾನೇ ಹಟ ಮಾಡಿ ಅವಳನ್ನು ಅಲ್ಲಿ ಕೂರಿಸುತ್ತಿದ್ದೆ.

ಸುರಗಿ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ. ಡಬ್ಬಿಯನ್ನು ನೀರಿನಿಂದ ದೂರ, ಪಡಸಾಲೆಯ ಕಿಟಕಿಯ ಒಳಗಿಟ್ಟು, ಅಪ್ಪನನ್ನು ಕಾವಲಿಗೆ ಕೂರಿಸಿದೆ. ಅವ್ವ ಕಿಟಕಿಯ ಹೊರಗೆ ಚಾಪೆಯ ಮೇಲೆ ಕೂತಳು. ಸೆರಗನ್ನು ತಲೆತುಂಬ ಹೊದ್ದಳು, ಹೆಡ್‌ಫೋನು ಅದರೊಳಗೆ ಅಡಗಿತು. ವಿಮಾನದವರ ಮಾಲಾದ್ದರಿಂದ ತಲೆ ಸ್ವಲ್ಪ ದೊಡ್ಡದಾಗಿ ಕಂಡಿತು, ಅಷ್ಟೆ. ಕೊಳಗಲ್ಲಿನ ಅತ್ತೆ ಪಕ್ಕದಲ್ಲೇ ಗಂಟಲು ಸರಿ ಮಾಡಿಕೊಂಡು ಸಿದ್ಧಳಾಗಿ ಕೂತಿದ್ದಳು. ಮೈತುಂಬ ಅರಿಶಿನ ಬಳಿಸಿಕೊಂಡು ನೂಲಿನ ನಡುವೆ ಕೂತ ನನಗೆ ಮುಂದಿನ ಬದುಕಿನ ಯೋಚನೆ ಒಂದಿಷ್ಟೂ ಇರಲಿಲ್ಲ. ಕರೆಂಟು ಹೋಗದಿರಲಿ, ಮೀಟರಿನ ನಡುವಿನ ಪಟ್ಟಿಯೇ ನಡುಗಲಿ, ಇದೊಂದೇ ಹಾರೈಕೆ.

ಅವ್ವ ಸೊಲ್ಲು ಎತ್ತಿದಳು. ಹೆಂಗಸರು ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿಡಿದರು, ಎಲ್ಲರೂ, ಒಂದೇ ದನಿಯಲ್ಲಿ. ತಲೆಯ ಮೇಲೆ ಮೊದಲ ತಂಬಿಗೆಯ ನೀರು ಬಿತ್ತು. ಎರಡು ಸೊಲ್ಲು, ಮೂರು ಸೊಲ್ಲು, ಹಾಡು ತನ್ನ ಪಾಡಿಗೆ ಸಾಗಿತು. ಅಷ್ಟರಲ್ಲಿ ನನ್ನ ಕಿವಿ ನಿಮಿರಿತು. ಅವ್ವನ ದನಿ ಇಳಿಯುತ್ತಿತ್ತು. ಗುಂಯ್ ನನಗೆ ಕೇಳುವಂತಿರಲಿಲ್ಲ, ಅದು ಅವಳೊಬ್ಬಳ ಕಿವಿಯಲ್ಲಿತ್ತು. ಆದರೆ ಊರಲ್ಲೆಲ್ಲ ಪಂಪು, ಗಿರಣಿ ಶುರುವಾಗುವ ಹೊತ್ತು ಅದು. ಲೋಡು ಬಿದ್ದಿತ್ತು. ಪ್ರತಿ ಸೊಲ್ಲಿಗೂ ಅವ್ವ ಕೂದಲೆಳೆಯಷ್ಟು ಕೆಳಗೆ ಬರುತ್ತಿದ್ದಳು.

ಕೊಳಗಲ್ಲಿನ ಅತ್ತೆಯ ಹುಬ್ಬು ಗಂಟಾಯಿತು, ಅವಳ ಕೊರಳು ಮೇಲೇ ಉಳಿಯಲು ನೋಡಿತು. ಆದರೆ ಎತ್ತುವವಳು ಕೆಳಗೆ ಬಂದರೆ ಕೆಳಗೆ. ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಇಳಿದರು, ಅತ್ತೆಯೂ ಇಳಿದಳು. ಎಲ್ಲೋ ಚಕ್ರ ನಿಧಾನವಾಯಿತು, ನಮ್ಮ ಅಂಗಳ ಪೂರ್ತಿ ಅದರ ಹಿಂದೆ ನಡೆಯಿತು. ಒಂದು ಬಾಯಿಯೂ ಮುಚ್ಚಲಿಲ್ಲ. ನನಗೆ ನಗು ಉಕ್ಕಿ ಬಂತು, ಮದುಮಗಳು ಹಲ್ಲು ಕಿಸಿಯುತ್ತಾಳೆ ಎಂದು ಯಾರೋ ತಲೆಗೆ ಮೊಟಕಿದರು.

ಆ ನಗುವಿನಲ್ಲೇ ಹೆಸರಿನ ಜಾಗ ಬಂತು. ಅವ್ವ ನನ್ನ ಹೆಸರಿಟ್ಟಳು. ಬೇರೆ ಹುಡುಗಿಯರ ಹೆಸರುಗಳನ್ನು ಅವಳು ಎತ್ತರದಲ್ಲಿ ಹಾಡುತ್ತಿದ್ದಳು, ನನ್ನದು ಕೆಳಗೆ ಬಂತು, ಎದೆಯ ಹತ್ತಿರದಿಂದ. ಎಲ್ಲರೂ ಅದನ್ನು ಹಾಗೆಯೇ ತಿರುಗಿ ಹೇಳಿದರು. ನೀರು ಸುರಿಯುತ್ತಲೇ ಇತ್ತು, ಹಾಗಾಗಿ ನಾನು ಅತ್ತದ್ದು ಯಾರಿಗೂ ತಿಳಿಯಲಿಲ್ಲ.

ಹಾಡು ಮುಗಿಯಿತು. ಅವ್ವ ಸೆರಗಿನೊಳಗಿಂದ ಹೆಡ್‌ಫೋನು ತೆಗೆದು ಕಿಟಕಿಯಲ್ಲಿಟ್ಟು, ಟವೆಲ್ಲು ಹಿಡಿದು ನನ್ನ ತಲೆ ಒರೆಸಲು ಬಂದಳು. ಈಗ ಅವಳಿಗೆ ಏನೂ ಕೇಳುತ್ತಿರಲಿಲ್ಲ. ನನ್ನ ಗಲ್ಲ ಹಿಡಿದು ಮುಖ ಎತ್ತಿ, ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಕೇಳಿದಳು:

“ನಿನ್ನ ಹೆಸರಿಟ್ಟು ಹಾಡಿದ್ನೆಲ್ಲವಾ, ನಿನಗ ಕೇಳಿಸ್ತೇನು?”